ಹೊಡೆಯಬಾರದ ಚೆಂಡು

ಸೀತಾರಾಮಯ್ಯನ ಫಿಯಟ್ ಕಾರಿನಿಂದ ಅವ್ವ ಇಳಿದದ್ದನ್ನು ಕಂಡಾಗಲೇ ಸೇವಂತಿ ಹಾಲಿನ ಬಾಗಿಲಲ್ಲೇ ನಿಂತುಬಿಟ್ಟಳು.

ಅವ್ವ ಕಾಶವ್ವ ಆ ಕಾರನ್ನು ವರ್ಷಗಟ್ಟಲೆ ತೊಳೆದವಳು. ಒಂದು ದಿನವೂ ಅದರೊಳಗೆ ಕೂತವಳಲ್ಲ. ಈಗ ಹಿಂದಿನ ಸೀಟಿನಲ್ಲಿ ಬೆನ್ನು ತಾಗಿಸದೆ ಮುದುಡಿ ಕೂತಿದ್ದವಳು ಮುದುಡಿಕೊಂಡೇ ಕೆಳಗಿಳಿದಳು. ಬಾಗಿಲು ತಾನು ಹಾಕಬೇಕೋ ಬೇಡವೋ ಎಂದು ಅನುಮಾನಿಸುತ್ತ ನಿಂತಳು. ಸೀತಾರಾಮಯ್ಯನೇ ಹಾಕಿದ. ಹಾಕಿ ನಕ್ಕ.

"ಬಾ ಕಾಶವ್ವ, ಮಗಳ ಆಟ ನೋಡು. ಮುಂದೇನೇ ಕೂತ್ಕೋ."

ಮುಂಬಯಿಯ ಬೈಕುಲ್ಲಾದ ಆ ಆಟದ ಹಾಲಿನಲ್ಲಿ, ಮೊದಲ ಸಾಲಿನಲ್ಲಿ, ಆಯ್ಕೆ ಸಮಿತಿಯವರ ಪಕ್ಕಕ್ಕೇ ಒಂದು ಕುರ್ಚಿ ಹಾಕಿಸಿ ಅವಳನ್ನು ಕೂರಿಸಿದ. ಕಾಶವ್ವ ಕುರ್ಚಿಯ ಅಂಚಿಗೆ ಕೂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಇದನ್ನು ದೊಡ್ಡ ಮನಸ್ಸು ಅನ್ನುವವರಿಗೆ ಸೀತಾರಾಮಯ್ಯ ಗೊತ್ತಿಲ್ಲ. ಸೇವಂತಿಗೆ ಗೊತ್ತಿತ್ತು. ಮೇಜಿನ ಯಾವ ಬದಿಗೆ ನಿಂತರೂ ತನ್ನ ಕಣ್ಣಿಗೆ ಅವ್ವ ಬೀಳಬೇಕು, ಅದಕ್ಕೇ ಆ ಕುರ್ಚಿ.

ಅದು ಎಂಬತ್ತೆಂಟನೆಯ ಇಸವಿ. ಟೇಬಲ್ ಟೆನಿಸ್ ಆಟ ಒಲಿಂಪಿಕ್ಸ್‌ಗೆ ಸೇರಿದ್ದೇ ಆ ವರ್ಷ. ದೇಶದ ಹೆಂಗಸರ ತಂಡದಲ್ಲಿ ಒಂದೇ ಜಾಗ ಉಳಿದಿತ್ತು. ಆಯ್ಕೆಯ ಕೊನೆಯ ಪಂದ್ಯದಲ್ಲಿ ಒಂದು ಕಡೆ ಸೀತಾರಾಮಯ್ಯನ ಮಗಳು ಕೌಸಲ್ಯಾ, ಇನ್ನೊಂದು ಕಡೆ ಕಾಶವ್ವನ ಮಗಳು ಸೇವಂತಿ. ಗೆದ್ದವಳು ವಿಮಾನ ಹತ್ತುತ್ತಾಳೆ. ಹಾಗಂತ ಎಲ್ಲರೂ ತಿಳಿದಿದ್ದರು.

ಸೇವಂತಿ ಸೋಲಬೇಕೆಂದು ಹಿಂದಿನ ದಿನವೇ ತೀರ್ಮಾನವಾಗಿತ್ತು.

ಸೀತಾರಾಮಯ್ಯ ಮಾಟುಂಗದ ಒಂದು ಕ್ಲಬ್ಬಿನ ಕಾರ್ಯದರ್ಶಿ. ಮೈಸೂರು ಕಡೆಯವನು, ಕಂಪನಿಯಲ್ಲಿ ದೊಡ್ಡ ಸಾಹೇಬ. ಕಾಶವ್ವ ಅದೇ ಕ್ಲಬ್ಬಿನ ಹಾಲು ಗುಡಿಸಿ ಪಾಯಖಾನೆ ತೊಳೆಯುವವಳು. ವಿಜಾಪುರದ ಕಡೆಯ ಒಂದು ಹೊಲಗೇರಿಯಿಂದ ಗಂಡನ ಹಿಂದೆ ಮುಂಬಯಿಗೆ ಬಂದಿದ್ದಳು. ಗಂಡ ಕುರ್ಲಾದ ಗಟಾರಕ್ಕೆ ಇಳಿದವನು ಮೇಲೆ ಬರಲಿಲ್ಲ. ಆಮೇಲೆ ಕ್ಲಬ್ಬಿನ ಹಿಂದೆ, ಪಾಯಖಾನೆಗೆ ಒತ್ತಿಕೊಂಡ ಒಂದು ಕೋಣೆಯಲ್ಲಿ ತಾಯಿ ಮಗಳ ಬಾಳು. ಬಾಗಿಲು ತೆರೆದರೆ ಫಿನೈಲಿನ ವಾಸನೆ, ಮುಚ್ಚಿದರೆ ಸೆಕೆ. ಆದರೂ ಅದು ತಲೆಯ ಮೇಲೊಂದು ಸೂರು.

ನಿನ್ನೆ ಸಂಜೆ ಸೀತಾರಾಮಯ್ಯ ಸೇವಂತಿಯನ್ನು ಆಫೀಸು ಕೋಣೆಗೆ ಕರೆದಿದ್ದ.

"ನೋಡಮ್ಮ, ನಾನು ಸುತ್ತಿ ಬಳಸಿ ಮಾತಾಡೋನಲ್ಲ. ನೇರವಾಗಿ ಸೋತ್ರೆ ಜನ ಅನುಮಾನ ಪಡ್ತಾರೆ. ಎರಡು ಗೇಮ್ ತಗೋ. ಚೆನ್ನಾಗೇ ಆಡು. ಐದನೇ ಗೇಮ್ ಬಿಟ್ಟುಕೊಡು."

"ಸರ್, ನಾನೂ..."

"ನೀನೂ ಏನು?"

ಸೀತಾರಾಮಯ್ಯ ಕಿಟಕಿಯಾಚೆ ಅವರ ಕೋಣೆಯ ಕಡೆ ನೋಡಿದ.

"ಮಳೆಗಾಲ ಬರ್ತಾ ಇದೆ ಸೇವಂತಿ. ಈ ರೂಮ್ ಬಿಟ್ರೆ ನಿಮ್ಮಮ್ಮ ಎಲ್ಲಿಗೆ ಹೋಗ್ತಾಳೆ? ಮತ್ತೆ ಆ ಕುರ್ಲಾದ ಗಟಾರದ ದಡಕ್ಕಾ? ಯೋಚ್ನೆ ಮಾಡು. ಹೋಗು, ಚೆನ್ನಾಗಿ ನಿದ್ದೆ ಮಾಡು."

ನಿದ್ದೆ ಬರಲಿಲ್ಲ. ಅವ್ವನಿಗೆ ಹೇಳುವ ಧೈರ್ಯವೂ ಬರಲಿಲ್ಲ. ಬೆಳಿಗ್ಗೆ ಒಬ್ಬಳೇ ಲೋಕಲ್ ಹಿಡಿದು ಬಂದಿದ್ದಳು. ಹಿಂದೆಯೇ ಕಾರಿನಲ್ಲಿ ಅವ್ವ ಬಂದಳು.

ಈ ಹುಡುಗಿ ಈ ಆಟಕ್ಕೆ ಬಂದದ್ದು ಹೇಗೆಂದು ಕೇಳಬೇಕು. ಯಾರೂ ಕಲಿಸಿ ಬಂದದ್ದಲ್ಲ. ಕೌಸಲ್ಯಾಳಿಗೆ ಹೊಡೆತ ಕಲಿಯಲು ಎದುರಿಗೆ ಒಬ್ಬರು ಬೇಕಿತ್ತು. ಹೊಡೆದದ್ದನ್ನೆಲ್ಲ ವಾಪಸ್ ಹಾಕಬೇಕು, ದಣಿವು ಅನ್ನಬಾರದು, ಮೇಲಾಗಿ ತಾವು ಹೊಡೆಯಬಾರದು. ಯಾವ ಉಳ್ಳವರ ಮಕ್ಕಳು ಇಂಥ ಕೆಲಸಕ್ಕೆ ಬರುತ್ತಾರೆ? ಗುಡಿಸುವವಳ ಮಗಳು ಇದ್ದಳು. ಕೌಸಲ್ಯಾ ಎಸೆದ ಹಳೇ ಬ್ಯಾಟು ಕೊಟ್ಟು ನಿಲ್ಲಿಸಿದರು. ಮೇಜಿನಿಂದ ಬಲು ಹಿಂದೆ ನಿಂತು, ಚೆಂಡು ಮೊಣಕಾಲಿನ ತನಕ ಇಳಿದ ಮೇಲೆ ಹುಲ್ಲು ಕೊಯ್ದ ಹಾಗೆ ಕೆಳಗಿನಿಂದ ಸವರಿ ವಾಪಸ್ ಹಾಕುವುದನ್ನು ಸೇವಂತಿ ತಾನೇ ಕಂಡುಕೊಂಡಳು. ಬಗ್ಗಿ ಬಗ್ಗಿ ತೊಡೆ ಕಲ್ಲಾದವು. ಕ್ಲಬ್ಬಿನವರು ಅವಳನ್ನು 'ಗೋಡೆ' ಎಂದು ಕರೆದರು. ಒಂದು ಸಲ, ಒಂದೇ ಸಲ, ಎತ್ತರಕ್ಕೆ ಬಂದ ಚೆಂಡನ್ನು ಆಸೆಯಾಗಿ ಬಾರಿಸಿದ್ದಳು. ಅದು ಕೌಸಲ್ಯಾಳ ಭುಜಕ್ಕೆ ಬಡಿದು ಹೋಯಿತು. ಸೀತಾರಾಮಯ್ಯ ಬ್ಯಾಟು ಕಿತ್ತುಕೊಂಡು, "ಗೋಡೆ ಹೊಡೆಯೋಲ್ಲ" ಅಂದ. ಒಂದು ತಿಂಗಳು ಹಾಲಿನೊಳಗೆ ಬಿಡಲಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ದಿನದ ಅಭ್ಯಾಸ ಮುಗಿಯುವಾಗ ಸೇವಂತಿ ಒಂದು ಚೆಂಡನ್ನು ಮೆತ್ತಗೆ, ಎತ್ತರಕ್ಕೆ ಎತ್ತಿ ಕೊಡಬೇಕು. ಕೌಸಲ್ಯಾ ಅದನ್ನು ಫಟ್ಟೆಂದು ಬಾರಿಸಬೇಕು. ಎಲ್ಲರೂ ಚಪ್ಪಾಳೆ ತಟ್ಟಬೇಕು. ಹುಡುಗಿ ಖುಷಿಯಾಗಿ ಮನೆಗೆ ಹೋಗಬೇಕು. ಹೀಗೆ ದಿನಾ ಗೋಡೆ ಒಡೆದು ಒಡೆದು ಕೌಸಲ್ಯಾಳಿಗೆ ತಾನು ನಿಜವಾಗಿಯೂ ಗೋಡೆ ಒಡೆಯಬಲ್ಲೆ ಅನಿಸಿಬಿಟ್ಟಿತ್ತು.

ಈ ಆಟ ಆಡುವವರಿಗೆ ಅಂಗೈ ಬೆವರುತ್ತದೆ. ಗಾಳಿಗೆ ಚೆಂಡು ಹಾರಬಾರದೆಂದು ಫ್ಯಾನು ಹಾಕುವುದಿಲ್ಲ, ಕಿಟಕಿ ತೆರೆಯುವುದಿಲ್ಲ. ಎಲ್ಲರೂ ಮೇಜಿನ ಮೇಲೆ, ಬಲೆಯ ಪಕ್ಕದ ಮೂಲೆಯಲ್ಲಿ, ಕೈ ಒರೆಸಿಕೊಳ್ಳುತ್ತಾರೆ. ಕೌಸಲ್ಯಾ ಒರೆಸಿಕೊಂಡರೆ ಅದು ಆಟ. ಸೇವಂತಿ ಒರೆಸಿಕೊಂಡರೆ ಮೈಲಿಗೆ. ಸೀತಾರಾಮಯ್ಯ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಓದಿದವನು. ಕಾಶವ್ವನ ಕಡೆ ಒಮ್ಮೆ ನೋಡುತ್ತಿದ್ದ. ಕಾಶವ್ವ ಒದ್ದೆ ಬಟ್ಟೆ ತಂದು, ಮಗಳು ಕೈ ಇಟ್ಟ ಜಾಗವನ್ನು ಒರೆಸಿ ಹೋಗುತ್ತಿದ್ದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದವಳ ಬೆವರನ್ನು ಅವಳ ಕೈಯಿಂದಲೇ ಒರೆಸಿಸುತ್ತಿದ್ದರು.

ಇಂಥವಳು ಆಯ್ಕೆ ಪಂದ್ಯಕ್ಕೆ ಬಂದದ್ದು ಅವರದೇ ಲೆಕ್ಕಾಚಾರದಿಂದ. ಟೂರ್ನಮೆಂಟುಗಳಲ್ಲಿ ಸೇವಂತಿಯ ಹೆಸರನ್ನೂ ಸೇರಿಸಿದರೆ ಬೇರೆ ಊರಿನ ಬಲವಾದ ಹುಡುಗಿಯರನ್ನು ಅವಳು ದಣಿಸುತ್ತಾಳೆ, ಕೊನೆಗೆ ಕೌಸಲ್ಯಾಳಿಗೆ ಬಿಟ್ಟುಕೊಡುತ್ತಾಳೆ. ಹಾಗೆಯೇ ಆಗುತ್ತ ಬಂತು. ಕಲಕತ್ತಾದವಳು ದಣಿದಳು, ಮದ್ರಾಸಿನವಳು ಅಳುತ್ತ ಹೋದಳು. ಈಗ ಉಳಿದವರು ಇಬ್ಬರೇ.

ಪಂದ್ಯ ಶುರುವಾಯಿತು. ಸೇವಂತಿ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದಳು. ಎರಡು ಗೇಮ್ ತಗೊಂಡಳು, ಎರಡು ಕೊಟ್ಟಳು. ಸುಳ್ಳು ಆಡುವುದು ನಿಜ ಆಡುವುದಕ್ಕಿಂತ ಕಷ್ಟ. ಮೈಯೆಲ್ಲ ಬೆವರಿ ಅಂಗಿ ಬೆನ್ನಿಗೆ ಅಂಟಿತ್ತು. ಪ್ರತಿ ಸಲ ಚೆಂಡು ಬಿಟ್ಟಾಗಲೂ ಯಾರಿಗಾದರೂ ಗೊತ್ತಾಯಿತೇನೋ ಎಂದು ಹೆದರಿದಳು. ಪ್ರತಿ ಸಲ ಅಂಕ ಗೆದ್ದಾಗಲೂ ಕುರ್ಚಿಯ ಕಡೆ ನೋಡಿ ಹೆದರಿದಳು.

ಐದನೆಯ ಗೇಮಿಗೆ ಮೊದಲು ಸ್ವಲ್ಪ ಬಿಡುವು. ಸೀತಾರಾಮಯ್ಯ ಕಾಶವ್ವನ ಕಿವಿಯಲ್ಲಿ ಏನೋ ಹೇಳಿದ. ಅವಳು ಎದ್ದು ಮಗಳ ಹತ್ತಿರ ಬಂದಳು.

"ಸೇವಂತೀ, ಸಾಹೇಬ್ರು ಕಾರಿನ್ಯಾಗ ಎಲ್ಲಾ ಹೇಳ್ಯಾರ. ನನಗ ಯಾಕ ಹೇಳಲಿಲ್ಲವಾ ನೀ?"

"ಹೆಂಗ ಹೇಳ್ಲಿ ಬೇ?"

"ಸೋತು ಬಿಡು ನನ್ನವ್ವ. ನಮಗ ಯಾಕ ಬೇಕು ಆ ವಿಮಾನ? ಈ ಮಳಿಗಾಲ ಒಂದು ದಾಟಿದ್ರ ಸಾಕಾಗೇತಿ." ಕಾಶವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ನಿಮ್ಮಪ್ಪನ ಹೆಣಾ ತಗದ ಜಾಗಾಕ್ಕ ನಾ ಹೊಳ್ಳಿ ಹೋಗಂಗಿಲ್ಲ. ಸತ್ತರೂ ಹೋಗಂಗಿಲ್ಲ."

"ಆತು ಬೇ. ಸೋಲ್ತೀನಿ. ನೀ ಅಳಬ್ಯಾಡ. ಮಂದಿ ನೋಡಾಕತ್ತಾರ."

ಅವಳು ನಿಜವಾಗಿಯೂ ಸೋಲಲೆಂದೇ ಮೇಜಿಗೆ ಬಂದಳು. ಸುಳ್ಳಲ್ಲ.

ಆದರೆ ಸೋಲಿಸುವವಳಿಗೂ ಕೈ ಬರಬೇಕಲ್ಲ? ಕೌಸಲ್ಯಾಳಿಗೂ ಹೆದರಿಕೆ ಹತ್ತಿತ್ತು. ಅಪ್ಪ ಕೊಟ್ಟ ಹೆದರಿಕೆ. ಅವಳು ಹೊಡೆಯುವುದನ್ನೇ ಬಿಟ್ಟಳು. ತಳ್ಳಿದಳು, ಸೇವಂತಿ ತಳ್ಳಿದಳು, ಮತ್ತೆ ತಳ್ಳಿದಳು. ಚೆಂಡು ಅತ್ತ ಇತ್ತ ನಿಧಾನಕ್ಕೆ ಓಡಾಡಿತು. ಪ್ರೇಕ್ಷಕರು ಆಕಳಿಸಿದರು. ಟವೆಲಿನಿಂದ ಮುಖ ಒರೆಸಿಕೊಳ್ಳುವಾಗ ಕೌಸಲ್ಯಾ ಪಿಸುಗುಟ್ಟಿದಳು.

"ಏ ಸೇವಂತಿ, ಬಾಲ್ ಎತ್ತಿ ಕೊಡು ಯಾರ್. ಡೈಲಿ ಕೊಡ್ತೀಯಲ್ಲ, ಹಾಗೇ. ಪ್ಲೀಸ್. ಅಪ್ಪ ನನ್ನನ್ನ ಸಾಯಿಸ್ತಾರೆ."

ಎಂಟು ಎಂಟು ಆಗಿದ್ದಾಗ ಅಂಪೈರ್ ಕೈ ಎತ್ತಿ, "ಟೈಮ್" ಅಂದ.

ಈ ಆಟದಲ್ಲಿ ಒಂದು ನಿಯಮ ಇದೆ. ಒಂದು ಗೇಮ್ ಹದಿನೈದು ನಿಮಿಷ ಕಳೆದರೂ ಮುಗಿಯದಿದ್ದರೆ ಚೆಂಡು ಎಣಿಸಲು ಇನ್ನೊಬ್ಬನನ್ನು ಕೂರಿಸುತ್ತಾರೆ. ಅಲ್ಲಿಂದ ಮುಂದೆ ಸರ್ವ್ ಒಬ್ಬರಾದ ಮೇಲೆ ಒಬ್ಬರದು. ಸರ್ವ್ ಮಾಡಿದವಳೇ ಹೊಡೆದು ಅಂಕ ಗೆಲ್ಲಬೇಕು. ಎದುರಿನವಳು ಹದಿಮೂರು ಸಲ ಚೆಂಡನ್ನು ವಾಪಸ್ ಹಾಕಿದಳೋ, ಅಂಕ ಅವಳ ಪಾಲು.

ವಾಪಸ್ ಹಾಕುವುದೊಂದನ್ನೇ ಕಲಿಸಿ ಬೆಳೆಸಿದ ಹುಡುಗಿ ಎದುರಿಗಿದ್ದಳು. ಸೀತಾರಾಮಯ್ಯನ ಮುಖ ಕಪ್ಪಿಟ್ಟಿತು.

ಕೌಸಲ್ಯಾ ಸರ್ವ್ ಮಾಡಿದಳು. ಎಣಿಸುವವನು ಗಟ್ಟಿಯಾಗಿ, "ಒನ್... ಟೂ... ಥ್ರೀ..." ಎಂದು ಶುರುಮಾಡಿದ. ಎತ್ತಿ ಕೊಡಬೇಕು, ಈಗ ಕೊಡಬೇಕು ಎಂದುಕೊಳ್ಳುತ್ತಲೇ ಸೇವಂತಿಯ ಕೈ ತಾನಾಗಿ ಕೆಲಸ ಮಾಡಿಬಿಟ್ಟಿತು. "ಥರ್ಟೀನ್!" ಅಂಕ ಬಂತು. ಅವಳೇ ಬೆಚ್ಚಿದಳು. ತನ್ನ ಸರ್ವಿನಲ್ಲಿ ಆ ಅಂಕವನ್ನು ಹಿಂದಿರುಗಿಸಿದಳು. ಕೌಸಲ್ಯಾ ಮತ್ತೆ ಸರ್ವ್ ಮಾಡಿದಾಗ, ದಿನಾ ಕೊಡುವ ಹಾಗೆ ಮೆತ್ತಗೆ, ಎತ್ತರಕ್ಕೆ ಎತ್ತಿ ಕೊಟ್ಟಳು. ಮಗುವೂ ಹೊಡೆಯುವಂಥ ಚೆಂಡು. ಕೌಸಲ್ಯಾ ಅದನ್ನು ಬಲೆಗೆ ಬಾರಿಸಿದಳು.

ಹತ್ತು, ಒಂಬತ್ತು. ಸೇವಂತಿ ಮುಂದು.

ಕೊನೆಯ ಗೇಮಿನಲ್ಲಿ ಒಬ್ಬರು ಹತ್ತು ಮುಟ್ಟಿದರೆ ಬದಿ ಬದಲಿಸಬೇಕು. ಸೇವಂತಿಯ ಅಂಗೈ ನೀರಾಗಿತ್ತು. ಗಾಬರಿಯಲ್ಲಿ ಮೇಜಿನ ಮೂಲೆಗೆ ಕೈ ಒರೆಸಿ ಆಚೆ ಬದಿಗೆ ಹೋದಳು. ಈ ಬದಿಗೆ ಬಂದ ಕೌಸಲ್ಯಾ ಆ ಒದ್ದೆ ಗುರುತು ನೋಡಿ ನಿಂತಳು. ಬೇಕೆಂದು ನಿಂತಳೋ, ರೂಢಿಯಿಂದ ನಿಂತಳೋ. ಅಪ್ಪನ ಕಡೆ ತಿರುಗಿದಳು.

ಸೀತಾರಾಮಯ್ಯ ಕಾಶವ್ವನ ಕಡೆ ಒಮ್ಮೆ ನೋಡಿದ. ಅಷ್ಟೇ.

ಕಾಶವ್ವ ಕುರ್ಚಿಯಿಂದ ಎದ್ದಳು. ಅಂಪೈರ್ ಇದ್ದಾನೆ, ಸಮಿತಿಯವರಿದ್ದಾರೆ, ಹಾಲು ತುಂಬ ಜನ ಇದ್ದಾರೆ ಎಂಬ ಎಚ್ಚರ ಅವಳಿಗಿರಲಿಲ್ಲ. ಆ ನೋಟಕ್ಕೆ ಎದ್ದು ಹೋಗುವುದು ಅವಳ ಮೈಗೆ ಸೇರಿಹೋಗಿತ್ತು. ತಡೆಯ ಹಲಗೆ ದಾಟಿ ಒಳಗೆ ಬಂದಳು. ಒದ್ದೆ ಬಟ್ಟೆ ಇರಲಿಲ್ಲ. ಸೆರಗಿನ ತುದಿಗೆ ಬಾಯಿಂದ ಉಸಿರು ಹಾಕಿ, ಮಗಳು ಕೈ ಇಟ್ಟ ಜಾಗವನ್ನು ತಿಕ್ಕಿ ತಿಕ್ಕಿ ಒರೆಸಿದಳು.

ಯಾರೋ, "ಏ ಬಾಯೀ, ಕಾಯ್ ಕರ್ತೇಸ್?" ಏನು ಮಾಡ್ತಿದ್ದೀಯೆಂದು ಮರಾಠಿಯಲ್ಲಿ ಕೂಗಿದರು. ಹಿಂದಿನ ಸಾಲಿನಲ್ಲಿ ನಗೆ ಎದ್ದಿತು. ಹಾಲೆಲ್ಲ ನಕ್ಕಿತು. ಕಾಶವ್ವನಿಗೆ ಆಗ ಎಚ್ಚರ ಬಂತು. ಸೆರಗು ಕೈಯಲ್ಲೇ ಹಿಡಿದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮೇಜಿನ ಪಕ್ಕ ನಿಂತುಬಿಟ್ಟಳು. ಅಂಪೈರ್ ತೋಳು ಹಿಡಿದು ಆಚೆ ಕಳಿಸಿದ.

ಸೇವಂತಿ ಇದನ್ನೆಲ್ಲ ಆಚೆ ಬದಿಯಿಂದ ನೋಡಿದಳು. ಧೈರ್ಯ ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಬರಲಿಲ್ಲ. ಆ ಕೋಣೆ, ಮಳೆ, ಕುರ್ಲಾದ ಗಟಾರದ ದಡ ಕಣ್ಣ ಮುಂದೆಯೇ ಇದ್ದವು. ಆದರೂ ಸೋಲುವುದು ಆಗಲಿಲ್ಲ. ತುತ್ತು ಗಂಟಲಲ್ಲಿ ನಿಂತು ಕೆಳಗಿಳಿಯುವುದಿಲ್ಲವಲ್ಲ, ಹಾಗೆ.

ಕೌಸಲ್ಯಾ ಸರ್ವ್ ಮಾಡಿದಾಗಲೆಲ್ಲ ಅವಳು ಹಿಂದೆ ಸರಿದು ನಿಂತು ವಾಪಸ್ ಹಾಕಿದಳು. ಎಡಕ್ಕೆ ಓಡಿದಳು, ಬಲಕ್ಕೆ ಓಡಿದಳು, ನೆಲಕ್ಕೆ ಬಗ್ಗಿದಳು, ಬಲೆಯ ಹತ್ತಿರ ಬಿದ್ದದ್ದಕ್ಕೆ ಮುಗ್ಗರಿಸಿ ಹೋಗಿ ಹಾಕಿದಳು. ಮೊಣಕಾಲು ತರಚಿತು. "ಇಲೆವನ್... ಟ್ವೆಲ್ವ್... ಥರ್ಟೀನ್!" ಒಂದು ಚೆಂಡೂ ಎತ್ತರಕ್ಕೆ ಏಳಲಿಲ್ಲ. ಕೌಸಲ್ಯಾ ಕಾದಳು, ಕಣ್ಣಲ್ಲೇ ಬೇಡಿದಳು. ಬರಲಿಲ್ಲ.

ತನ್ನ ಸರ್ವ್ ಬಂದಾಗ ಮಾತ್ರ ಸೇವಂತಿಗೆ ದಾರಿ ಇರಲಿಲ್ಲ. ಅಲ್ಲಿ ಹೊಡೆಯಬೇಕು. ಗೋಡೆ ಹೊಡೆಯುವುದಿಲ್ಲ. ಕೈ ಎತ್ತಿದರೆ ಭುಜದಲ್ಲಿ ಆ ಹಳೇ ಮಾತು ಹಿಡಿದು ಎಳೆಯುತ್ತಿತ್ತು. ಕೌಸಲ್ಯಾ ಸುಮ್ಮನೆ ವಾಪಸ್ ಹಾಕಿ ಹಾಕಿ ಅಂಕ ತಗೊಂಡಳು. ಹೀಗೆ ಇವಳದೊಂದು ಅವಳದೊಂದು ಏರುತ್ತ ಇಪ್ಪತ್ತು ಇಪ್ಪತ್ತು ಆಯಿತು. ಕೌಸಲ್ಯಾಳ ಸರ್ವಿಗೆ ಸೇವಂತಿ ಮತ್ತೆ ಹದಿಮೂರನ್ನೂ ಹಾಕಿದಳು. ಇಪ್ಪತ್ತೊಂದು, ಇಪ್ಪತ್ತು. ಗೆಲ್ಲಲು ಎರಡು ಅಂಕದ ಅಂತರ ಬೇಕು, ಇನ್ನೊಂದು ಅಂಕ ಬಂದರೆ ಮುಗಿಯಿತು.

ಸರ್ವ್ ಅವಳದು. ಇದು ಹೋದರೆ ಮತ್ತೆ ಹದಿಮೂರು ಹಾಕಲು ಕಾಲಿನಲ್ಲಿ ಜೀವ ಉಳಿದಿರಲಿಲ್ಲ.

ಸೀತಾರಾಮಯ್ಯ ಎದ್ದು ನಿಂತಿದ್ದ. ಕೈಯನ್ನು ಕೊರಳ ಹತ್ತಿರ ತಂದು, ಕಾಲರ್ ಸರಿಮಾಡಿಕೊಳ್ಳುವವನ ಹಾಗೆ, ಒಂದು ಬೆರಳನ್ನು ಈ ಕಿವಿಯಿಂದ ಆ ಕಿವಿಗೆ ಎಳೆದ. ಸೇವಂತಿಗೆ ಕಂಡಿತು.

ಚೆಂಡು ಹೋಯಿತು, ಬಂತು. "ಒನ್... ಟೂ... ಥ್ರೀ... ಫೋರ್..." ಕೌಸಲ್ಯಾಳಿಗೆ ಅವಸರವಿರಲಿಲ್ಲ. ಗೋಡೆಗೆ ಹೆದರುವವರು ಯಾರು? ಮೆತ್ತಗೆ, ಜೋಪಾನವಾಗಿ, ಎತ್ತರಕ್ಕೆ ಹಾಕುತ್ತಿದ್ದಳು. "ಸೆವೆನ್... ಏಟ್..." ಒಂಬತ್ತನೆಯದು ಬಲೆಯ ಮೇಲೆ ಗುಬ್ಬಿಯ ಹಾಗೆ ಎದ್ದು ನಿಂತಿತು.

ಸೇವಂತಿ ಮುಂದೆ ಬಂದಳು. ಕಣ್ಣು ಮುಚ್ಚಿದ್ದಳೋ ತೆರೆದಿದ್ದಳೋ ಅವಳಿಗೆ ನೆನಪಿಲ್ಲ. ಹೆದರಿಕೆಯಿಂದ ಚೀರಿದ್ದು ಮಾತ್ರ ನಿಜ. ಬಟ್ಟೆ ಒಗೆಯುವವರು ಕಲ್ಲಿಗೆ ಬಡಿದ ಹಾಗೆ ಬಡಿದಳು.

ಚೆಂಡು ಮೇಜಿಗೆ ತಾಗಿ ಹೋಗಿ ಹಿಂದಿನ ಹಲಗೆಗೆ ಬಡಿದ ಸದ್ದು ಕೇಳಿದ ಮೇಲೆ ಕೌಸಲ್ಯಾ ಕೈ ಎತ್ತಿದಳು.

ಚಪ್ಪಾಳೆ ಬಂದವು, ಮುಗಿದವು. ಕೌಸಲ್ಯಾ ಅಳುತ್ತ ಬ್ಯಾಗು ತುಂಬಿಕೊಂಡಳು. ಅಂಪೈರ್ ಹೊರತು ಯಾರೂ ಸೇವಂತಿಯ ಕೈ ಕುಲುಕಲಿಲ್ಲ. ಸಮಿತಿಯವನೊಬ್ಬ, "ಹೆಸರು ನಾಳೆ ಹೇಳ್ತೇವೆ, ಇನ್ನೂ ಚರ್ಚೆ ಇದೆ" ಅಂದ. ಗೆದ್ದವಳು ಹೋಗುತ್ತಾಳೆ ಎಂಬುದರಲ್ಲಿ ಚರ್ಚೆ ಏನು ಬಂತು? ಸೀತಾರಾಮಯ್ಯ ಸಮಿತಿಯ ಕೋಣೆಗೆ ಹೋಗುವ ಮೊದಲು ಫೋನಿದ್ದ ಮೇಜಿನ ಹತ್ತಿರ ನಿಂತು ಎರಡು ಮಾತಾಡಿದ. ಹೋಗುತ್ತ ಕಾಶವ್ವನ ಮುಂದೆ ಒಂದು ಗಳಿಗೆ ನಿಂತ.

"ಲೋಕಲ್‌ನಲ್ಲಿ ಹೋಗಿ" ಅಂದ.

ರೈಲಿನಲ್ಲಿ ತಾಯಿ ಮಗಳು ಬಾಗಿಲ ಪಕ್ಕ ನಿಂತಿದ್ದರು. ಪರೇಲ್ ದಾಟಿದ ಮೇಲೆ ಕಾಶವ್ವ ಮಗಳ ಬೆನ್ನಿಗೆ ಗುದ್ದಿದಳು. ಮತ್ತೆ ಗುದ್ದಿದಳು.

"ಏನ ಮಾಡಿದ್ಯೇ ಹಾಟ್ಯಾನಾಕಿ? ಸೋಲ್ತೀನಿ ಅಂದಿದ್ದಿಲ್ಲಾ? ನನಗ ಮಾತ ಕೊಟ್ಟಿದ್ದಿಲ್ಲಾ?"

"ಕೊಟ್ಟಿದ್ನೆವ್ವ."

"ಮತ್ತ?"

"ನೀ ಯಾಕ ಒರಸಾಕ ಬಂದಿ?"

ಕಾಶವ್ವನ ಕೈ ಮೇಲೆತ್ತಿದ್ದು ಹಾಗೇ ನಿಂತಿತು.

ಕ್ಲಬ್ಬಿನ ಹಿಂದೆ ಅವರ ಕೋಣೆಗೆ ಹೊಸ ಬೀಗ ಬಿದ್ದಿತ್ತು. ಟ್ರಂಕು, ಹಾಸಿಗೆ, ಸೀಮೆಎಣ್ಣೆ ಸ್ಟೋವು, ಹಿಟ್ಟಿನ ಡಬ್ಬಿ ಪಾಯಖಾನೆಯ ಗೋಡೆಗೆ ಒರಗಿದ್ದವು. ವಾಚ್‌ಮನ್ ಕಾಂತಪ್ಪ ಮುಖ ತಪ್ಪಿಸಿದ. ದಕ್ಷಿಣ ಕನ್ನಡದವನು, ಒಳ್ಳೆಯವನೇ, ಹೊಟ್ಟೆಪಾಡಿನವನು.

"ನಾನು ಎಂತ ಮಾಡುದು ಕಾಶವ್ವ? ಸೆಕ್ರೆಟರಿ ಫೋನು ಮಾಡಿ ಹೇಳಿದ್ರು. ಒಮ್ಮೆ ಕಾಲು ಹಿಡಿದು ನೋಡಿ. ಹುಡುಗಿ ತಪ್ಪಾಯ್ತು ಅಂತ ಬರೆದು ಕೊಟ್ರೆ, ಆಡ್ಲಿಕ್ಕೆ ಮನಸ್ಸಿಲ್ಲ ಅಂತ ಸಮಿತಿಯವರಿಗೆ ಹೇಳಿದ್ರೆ..."

ಕಾಶವ್ವ ಟ್ರಂಕಿನ ಮೇಲೆ ಕೂತಳು. ಸೇವಂತಿ ನಿಂತೇ ಇದ್ದಳು. ಬರೆದು ಕೊಡಬೇಕೇನೋ ಎಂದು ಒಂದು ಕ್ಷಣ ಅನಿಸಿತು. ಹೆದರಿಕೆ ಅಷ್ಟಿತ್ತು.

"ಕಾಂತಪ್ಪಣ್ಣ, ರೂಮಿಗಿ ಬೀಗ ಹಾಕಂದ್ರು. ಹಾಲಿಗಿ?" ಕಾಶವ್ವ ಕೇಳಿದಳು.

"ಹಾಲಿಗೆ ದಿನಾ ಇರುದೇ. ಬೀಗದ ಕೈ ನಿಮ್ಮ ಹತ್ರ ಉಂಟಲ್ಲ?"

ಕಾಶವ್ವ ಸೊಂಟ ಮುಟ್ಟಿ ನೋಡಿಕೊಂಡಳು. ಉಂಟು. ಬೆಳಗಿನ ಜಾವ ಎದ್ದು ಬಂದು ಆ ಬಾಗಿಲು ತೆರೆಯುವವರು ಆ ದೊಡ್ಡ ಮಂದಿಯಲ್ಲಿ ಯಾರಿದ್ದರು? ತಾವು ಬರುವಷ್ಟರಲ್ಲಿ ಬಾಗಿಲು ತೆರೆದಿರುತ್ತದೆ, ನೆಲ ಒರೆಸಿರುತ್ತದೆ. ಯಾರು ತೆರೆದರು ಎಂದು ಅವರಿಗೆ ಒಂದು ದಿನವೂ ತಲೆಗೆ ಹೋಗಿರಲಿಲ್ಲ.

"ಹಾಸಿಗಿ ತೊಗೊ" ಅಂದಳು ಮಗಳಿಗೆ. "ಸ್ಟೋ ನಾ ತರ್ತೀನಿ."

"ಎಲ್ಲಿಗೆ ಬೇ?"

"ಹಾಲಿನ್ಯಾಗ."

"ಅಯ್ಯೋ ಕಾಶವ್ವ, ಬೇಡ, ನನ್ನ ಕೆಲಸ ಹೋಗ್ತದೆ..." ಎಂದು ಕಾಂತಪ್ಪ ಗೇಟಿನ ಕಡೆ ಓಡಿದ. ತಡೆಯಲೆಂದು ಓಡಿದನೋ, ನೋಡಲಿಲ್ಲ ಎನ್ನಲೆಂದು ಓಡಿದನೋ, ಅವನಿಗೇ ಗೊತ್ತು.

ಇಬ್ಬರೂ ಸಾಮಾನನ್ನೆಲ್ಲ ಹೊತ್ತು ಕ್ಲಬ್ಬಿನ ಹಾಲಿನೊಳಗೆ ಹೋಗಿ ಬಾಗಿಲು ಹಾಕಿ ಒಳಗಿನಿಂದ ಅಗುಳಿ ಜಡಿದರು. ಎಳೆದಾಡಿ ಟ್ರಂಕನ್ನು ಬಾಗಿಲಿಗೆ ಅಡ್ಡ ಇಟ್ಟರು. ಕಾಶವ್ವ ಸ್ಟೋವಿಗೆ ಗಾಳಿ ಹೊಡೆದು ಹೊತ್ತಿಸಿದಳು. ರೊಟ್ಟಿಗೆ ಹಿಟ್ಟು ಕಲಸಿದಳು. ನೀರು ಹೆಚ್ಚು ಬಿತ್ತು, ಮತ್ತಿಷ್ಟು ಹಿಟ್ಟು ಹಾಕಿದಳು.

"ನಾಳೆ ನಿನ್ನ ಹೆಸರ ಹೇಳೂತನಕ ನಾ ಇಲ್ಲಿಂದ ಏಳಂಗಿಲ್ಲ. ಪೊಲೀಸರನ್ನ ಕರೀಲಿ."

"ಹೇಳಲಿಲ್ಲಂದ್ರ?"

ಕಾಶವ್ವ ರೊಟ್ಟಿ ತಟ್ಟಿದಳು.

ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿತು. ಕಾಂತಪ್ಪನ ಸಣ್ಣ ದನಿ, ಸೀತಾರಾಮಯ್ಯನ ದೊಡ್ಡ ದನಿ. ಬೂಟಿನ ಸದ್ದು ಮೆಟ್ಟಿಲು ಹತ್ತಿತು. ಬಾಗಿಲನ್ನು ಒಬ್ಬರು ಗುದ್ದಿದರು, ಆಮೇಲೆ ಮೂರು ನಾಲ್ಕು ಜನ ಸೇರಿ ಗುದ್ದಿದರು. "ಕಾಶವ್ವಾ! ಬಾಗಿಲು ತೆಗಿ! ತೆಗಿತೀಯೋ ಇಲ್ವೋ?" ಟ್ರಂಕು ಅದುರಿತು.

ಸೇವಂತಿ ಓಡಿ ಬಂದು ಅವ್ವನ ತೋಳು ಹಿಡಿದುಕೊಂಡಳು.

"ಹೆದರಿಕಿ ಆಗಾಕತ್ತೈತೇನು?"

"ಹೂಂ ಬೇ."

"ನನಗೂ ಆಗಾಕತ್ತೈತಿ" ಎಂದಳು ಕಾಶವ್ವ. "ಬಾಗಲಾ ಮಾತ್ರ ತಗೀಬ್ಯಾಡ."